ಜನರಲ್ ರೋಹೊ ಬದುಕನ್ನು ಕನ್ನಡದಲ್ಲಿ ಬರೆಯುವುದು ಹೇಗೆ

ನಮ್ಮಪ್ಪ ಸೈನ್ಯದಲ್ಲಿ ಹವಾಲ್ದಾರ್ ಕ್ಲರ್ಕ್ ಆಗಿದ್ದರು. ಬಂದೂಕಿಗಿಂತ ಜಾಸ್ತಿ ಪೆನ್ನು ಹಿಡಿದವರು. ರಜೆಗೆ ಹಾಸನಕ್ಕೆ ಬಂದಾಗ ಜಗಲಿ ಮೇಲೆ ಊರವರು ಸೇರುತ್ತಿದ್ದರು. ಯಾರಾದರೂ ಯುದ್ಧದ ಬಗ್ಗೆ ರಂಗಾಗಿ ಹೇಳಿ, "ಆ ಆಫೀಸರ್ ಹಾಗೆ ಮಾಡಬಾರದಿತ್ತು" ಅಂದರೆ ಅಪ್ಪ ಒಂದೇ ಮಾತು ಕೇಳುತ್ತಿದ್ದರು. "ಆ ಹೊತ್ತಿಗೆ ಅವರಿಗೆ ಏನು ಗೊತ್ತಿತ್ತು?"

ಸ್ಪೇನಿನ ಜನರಲ್ ವಿಸೆಂತೆ ರೋಹೊ ಅವರ ಬದುಕನ್ನು ನಾನು ಕನ್ನಡದಲ್ಲಿ ಬರೆಯಲು ಕೂತಾಗ ದಾರಿ ತೋರಿಸಿದ್ದು ಅದೇ ಪ್ರಶ್ನೆ. ಬರೆದು ಮುಗಿಸಲು ಹತ್ತಿರ ಹತ್ತಿರ ಎರಡು ವರ್ಷ ಹಿಡಿಯಿತು. ಬೇರೆ ದೇಶದ ಸೇನಾನಿಯೊಬ್ಬರ ಬಗ್ಗೆ ಬರೆಯುವ ಆಸೆ ನಿಮಗೂ ಇದ್ದರೆ, ನಾನು ಎಲ್ಲಿ ಹುಡುಕಿದೆ, ಎಲ್ಲಿ ತಪ್ಪಿದೆ, ಏನು ಸರಿಮಾಡಿಕೊಂಡೆ ಅನ್ನುವುದನ್ನು ಇಲ್ಲಿ ಹೇಳುತ್ತೇನೆ.

ರೋಹೊ ಯಾರು ಅಂತ ಮೊದಲು ಎರಡು ಮಾತು. 1936ರ ಜುಲೈನಲ್ಲಿ ಸ್ಪೇನಿನ ಸೈನ್ಯದ ಒಂದು ಭಾಗ ಚುನಾಯಿತ ಗಣರಾಜ್ಯ ಸರ್ಕಾರದ ವಿರುದ್ಧ ಬಂಡೆದ್ದಿತು. ಅದರ ನಾಯಕರಾಗಿ ಮೇಲೆ ಬಂದವರು ಫ್ರಾಂಕೊ. ಸರ್ಕಾರದ ಕಡೆ ಉಳಿದ ಅಧಿಕಾರಿಗಳಲ್ಲಿ ರೋಹೊ ಒಬ್ಬರು. ಅವರು ದೈವಭಕ್ತ ಕ್ಯಾಥೊಲಿಕ್. ಕಮ್ಯುನಿಸ್ಟರೂ ಅಲ್ಲ, ಅರಾಜಕತಾವಾದಿಯೂ ಅಲ್ಲ. ಆದರೂ ಕೊಟ್ಟ ಮಾತಿಗೆ ನಿಂತರು. ಮ್ಯಾಡ್ರಿಡ್ ನಗರವನ್ನು ಉಳಿಸಿದ ಯೋಜನೆ ಅವರದ್ದು. ಆಮೇಲೆ ಇಡೀ ಗಣರಾಜ್ಯ ಸೈನ್ಯದ ಚೀಫ್ ಆಫ್ ಸ್ಟಾಫ್ ಆದರು, ಯುದ್ಧ ಸೋತರು, ದೇಶ ಬಿಟ್ಟರು, ಹದಿನೆಂಟು ವರ್ಷ ಆದ ಮೇಲೆ ವಾಪಸ್ ಬಂದು ಕೋರ್ಟಿನ ಮುಂದೆ ನಿಂತರು. ಗೆದ್ದವರ ಬದುಕನ್ನು ಬರೆಯಲು ಜನ ಬೇಕಾದಷ್ಟಿದ್ದಾರೆ. ಇಂಥವರ ಬದುಕು ಕನ್ನಡದಲ್ಲಿ ಇರಬೇಕು ಅಂತ ನನಗೆ ಬಲವಾಗಿ ಅನ್ನಿಸಿತು.

ಮೊದಲು ಹೆಸರು ಸರಿಮಾಡಿಕೊಳ್ಳಿ

ಸ್ಪೇನಿನವರಿಗೆ ಎರಡು ಮನೆ ಹೆಸರು. ಮೊದಲನೆಯದು ಅಪ್ಪನ ಕಡೆಯದು, ಎರಡನೆಯದು ಅಮ್ಮನ ಕಡೆಯದು. ಇವರ ಪೂರ್ತಿ ಹೆಸರು ವಿಸೆಂತೆ ರೋಹೊ ಲ್ಯುಕ್. ಕಡತಗಳಲ್ಲಿ ಹುಡುಕುವಾಗ "ಲ್ಯುಕ್" ಅಂತ ಹುಡುಕಿದರೆ ಪ್ರಯೋಜನವಿಲ್ಲ, "ರೋಹೊ ಲ್ಯುಕ್, ವಿಸೆಂತೆ" ಅಂತ ಹುಡುಕಬೇಕು. ಎರಡೂ ಹೆಸರು ಹಾಕಲೇಬೇಕು. ಇಲ್ಲದಿದ್ದರೆ ಅದೇ ಹೆಸರಿನ ಬೇರೆಯವರೂ ಬರುತ್ತಾರೆ. ಇವರದೇ ಸಂಬಂಧಿ, ಮೆಕ್ಸಿಕೊದಲ್ಲಿ ನೆಲೆಸಿದ್ದ ದೊಡ್ಡ ಚಿತ್ರಕಾರರೊಬ್ಬರ ಹೆಸರೂ ವಿಸೆಂತೆ ರೋಹೊ. ನನಗೆ ಮೊದಲ ವಾರ ಸಿಕ್ಕಿದ್ದು ಬರೀ ಚಿತ್ರಗಳು.

ಉಚ್ಚಾರದ ವಿಷಯ. ಸ್ಪ್ಯಾನಿಷ್‌ನಲ್ಲಿ "ಜೆ" ಅಕ್ಷರ ಗಂಟಲಿನಿಂದ ಬರುವ "ಹ" ಆಗುತ್ತದೆ. ಆದ್ದರಿಂದ ರೋಜೊ ಅಲ್ಲ, ರೋಹೊ. ಮೊದಲ ಹೆಸರನ್ನು ಮ್ಯಾಡ್ರಿಡ್ಡಿನವರು "ಬಿಥೆಂತೆ" ಅನ್ನುವ ಹಾಗೆ ಹೇಳುತ್ತಾರೆ. ಹಾಗೇ ಬರೆದರೆ ನಮ್ಮ ಓದುಗರಿಗೆ ಬೇರೆ ಪುಸ್ತಕಗಳಲ್ಲಿ ಈ ಹೆಸರು ಗುರುತು ಸಿಗುವುದಿಲ್ಲ. ಅದಕ್ಕೆ ವಿಸೆಂತೆ ಅಂತಲೇ ಇಟ್ಟೆ. ಎಲ್ಲಿ ಉಚ್ಚಾರ ಹಿಡಿಯಬೇಕು, ಎಲ್ಲಿ ರೂಢಿ ಹಿಡಿಯಬೇಕು ಅಂತ ಶುರುವಿನಲ್ಲೇ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಕೊನೆವರೆಗೂ ಅದನ್ನು ಬದಲಿಸಬೇಡಿ.

ಇನ್ನೊಂದು ತೊಂದರೆ ಇದೆ. "ರೋಹೊ" ಅಂದರೆ ಸ್ಪ್ಯಾನಿಷ್‌ನಲ್ಲಿ ಕೆಂಪು. ಫ್ರಾಂಕೊ ಕಡೆಯವರು ಗಣರಾಜ್ಯದ ಕಡೆಯವರನ್ನೆಲ್ಲ "ಕೆಂಪರು" ಅಂತಲೇ ಕರೆಯುತ್ತಿದ್ದರು. ಫೋನಿನಲ್ಲಿ ಅನುವಾದ ಮಾಡಿಸಿದಾಗ ಅರ್ಧ ಕಡೆ ಇವರು "ಜನರಲ್ ಕೆಂಪು" ಆಗಿಬಿಟ್ಟಿದ್ದರು, ಇನ್ನರ್ಧ ಕಡೆ ಕೆಂಪರೆಲ್ಲ "ರೋಹೊಗಳು" ಆಗಿದ್ದರು. ಒಂದು ವಾಕ್ಯದಲ್ಲಿ "ಕೆಂಪರ ಪಡೆ ಹಿಂದೆ ಸರಿಯಿತು" ಅಂತ ಇರಬೇಕಾದಲ್ಲಿ "ರೋಹೊ ಪಡೆ ಹಿಂದೆ ಸರಿಯಿತು" ಅಂತ ನಾನು ಟಿಪ್ಪಣಿ ಮಾಡಿಕೊಂಡಿದ್ದೆ. ಯಂತ್ರದ ಅನುವಾದವನ್ನು ದಾರಿ ಕೇಳಲು ಬಳಸಿ. ಬರೆಯುವುದಕ್ಕೆ ಅದನ್ನು ನಂಬಬೇಡಿ. ಮುಖ್ಯವಾದ ವಾಕ್ಯವನ್ನು ಮೂಲದಲ್ಲೇ, ನಿಘಂಟು ಪಕ್ಕದಲ್ಲಿಟ್ಟುಕೊಂಡು, ಪದಪದವಾಗಿ ಬಿಡಿಸಿ ನೋಡಿ. ನಿಧಾನ ಆಗುತ್ತದೆ. ಆಗಲಿ.

ಕಾಗದ ಎಲ್ಲಿದೆ

ಸೈನಿಕನ ಬದುಕು ಬರೆಯುವವರಿಗೆ ಒಂದು ಅನುಕೂಲ ಇದೆ. ಸೈನ್ಯ ಎಲ್ಲವನ್ನೂ ಬರೆದಿಡುತ್ತದೆ. ಸೇರಿದ ದಿನ, ವರ್ಗ ಆದ ದಿನ, ರಜೆ, ಬಡ್ತಿ, ಪದಕ. ಅಪ್ಪನ ಸರ್ವಿಸ್ ಪುಸ್ತಕ ಈಗಲೂ ನಮ್ಮ ಬೀರುವಿನಲ್ಲಿದೆ. ನಾನು ಹುಟ್ಟಿದ ದಿನ ಅವರು ಎಲ್ಲಿದ್ದರು ಅಂತ ನನಗೆ ಗೊತ್ತಾಗಿದ್ದು ಅದರಿಂದಲೇ.

ಸ್ಪೇನಿನಲ್ಲಿ ಇದಕ್ಕೆ "ಓಹಾ ದೆ ಸೆರ್ವಿಸಿಯೋಸ್" ಅಂತಾರೆ, ಅಂದರೆ ಸೇವಾ ಹಾಳೆ. ಅಧಿಕಾರಿಗಳ ಈ ಹಳೆಯ ಕಡತಗಳು ಸೆಗೋವಿಯಾ ಊರಿನ ಸೇನಾ ದಾಖಲೆ ಭಂಡಾರದಲ್ಲಿವೆ. ಆ ಭಂಡಾರ ಇರುವುದೇ ಒಂದು ಹಳೆಯ ಕೋಟೆ ಅರಮನೆಯಲ್ಲಿ. 1936ರಿಂದ 39ರವರೆಗಿನ ಯುದ್ಧದ ಕಾಗದಗಳು ಆವಿಲಾ ಊರಿನ ಭಂಡಾರದಲ್ಲಿವೆ. ರೋಹೊ ತಾವೇ ಇಟ್ಟುಕೊಂಡಿದ್ದ ಕಾಗದಗಳು ಮ್ಯಾಡ್ರಿಡ್ಡಿನ ರಾಷ್ಟ್ರೀಯ ಇತಿಹಾಸ ದಾಖಲೆ ಭಂಡಾರದಲ್ಲಿ, ಅವರದೇ ಹೆಸರಿನ ಸಂಗ್ರಹವಾಗಿ ಇವೆ.

ಅಷ್ಟು ದೂರ ಹೋಗಲು ಆಗದಿದ್ದರೆ? ನನಗೂ ಆಗಲಿಲ್ಲ. ಮನೆಯಲ್ಲೇ ಕೂತು ಮಾಡಬಹುದಾದ ಕೆಲಸ ಇದು:

ಸ್ಪೇನಿನ ಹಲವು ಸರ್ಕಾರಿ ದಾಖಲೆ ಭಂಡಾರಗಳಿಗೆ ಸೇರಿ "ಪಾರೆಸ್" ಅನ್ನುವ ಒಂದು ಜಾಲತಾಣ ಇದೆ. ಅದರಲ್ಲಿ ಪಟ್ಟಿ ನೋಡಬಹುದು, ಕೆಲವು ಕಾಗದಗಳ ಚಿತ್ರವನ್ನೂ ನೋಡಬಹುದು, ದುಡ್ಡು ಕೊಡಬೇಕಿಲ್ಲ. ಸರ್ಕಾರಿ ಗೆಜೆಟ್‌ನ ಹಳೆಯ ಸಂಚಿಕೆಗಳು 1661ರಿಂದ ಹುಡುಕಲು ಸಿಗುತ್ತವೆ. ಸೈನ್ಯದ ಬಡ್ತಿ, ವರ್ಗಾವಣೆಗೆ ಯುದ್ಧ ಸಚಿವಾಲಯದ ಬೇರೆ ಗೆಜೆಟ್ಟೇ ಇತ್ತು, ಅದು ರಕ್ಷಣಾ ಸಚಿವಾಲಯದ ಡಿಜಿಟಲ್ ಗ್ರಂಥಾಲಯದಲ್ಲಿದೆ. ನನಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು "ಅನುಆರಿಯೊ ಮಿಲಿತಾರ್", ಸೈನ್ಯದ ಅಧಿಕಾರಿಗಳ ವರ್ಷವಾರು ಪಟ್ಟಿ. ಒಂದೊಂದು ವರ್ಷದ ಪಟ್ಟಿ ತೆಗೆದು ಹೆಸರು ಎಲ್ಲಿದೆ ನೋಡುವುದು. ಕಣ್ಣು ನೋಯುತ್ತದೆ ನಿಜ. ಆದರೆ ಅವರು ಕ್ಯಾಪ್ಟನ್ ಆಗಿ ಎಷ್ಟು ವರ್ಷ ಒಂದೇ ಕಡೆ ಕೂತಿದ್ದರು ಅನ್ನುವುದು ಆ ಪುಟಗಳನ್ನು ತಿರುವಿದಾಗ ಮೈಗೆ ತಟ್ಟುತ್ತದೆ.

ಆಮೇಲೆ ಅವರ ಪುಸ್ತಕಗಳು. ರೋಹೊ ಮೂರು ಮುಖ್ಯ ಪುಸ್ತಕ ಬರೆದಿದ್ದಾರೆ. ಮೊದಲನೆಯದು 1939ರಲ್ಲಿ, ಸೋಲಿನ ಗಾಯ ಹಸಿಯಾಗಿರುವಾಗಲೇ. ಎರಡನೆಯದು 1942ರಲ್ಲಿ. ಮ್ಯಾಡ್ರಿಡ್ ರಕ್ಷಣೆಯ ಪುಸ್ತಕ ಬಂದದ್ದು 1967ರಲ್ಲಿ, ಅವರು ತೀರಿಕೊಂಡ ಮೇಲೆ, ಅದೂ ಮೆಕ್ಸಿಕೊದಲ್ಲಿ. ಒಂದೇ ಘಟನೆಯನ್ನು ಇವುಗಳಲ್ಲಿ ಪಕ್ಕಪಕ್ಕ ಇಟ್ಟು ಓದಿ. ಸೇನಾನಿ ತನ್ನ ಬಗ್ಗೆ ಬರೆಯುವಾಗ ಸುಳ್ಳು ಹೇಳುತ್ತಾನೆ ಅಂತಲ್ಲ. ಆದರೆ ಮೂರು ವರ್ಷದ ಹಿಂದಿನ ನೆನಪೇ ಬೇರೆ, ಮೂವತ್ತು ವರ್ಷದ ಹಿಂದಿನ ನೆನಪೇ ಬೇರೆ.

ಎರಡು ಕಾಲಂ

ಉದ್ದ ರೂಲು ಪುಸ್ತಕ ತೆಗೆದುಕೊಳ್ಳಿ, ಕ್ಯಾಶ್ ಬುಕ್ ಥರದ್ದು. ಪುಟದ ಮಧ್ಯೆ ಗೆರೆ ಎಳೆಯಿರಿ. ಎಡಗಡೆ ತಾರೀಖು ಮತ್ತು ಘಟನೆ. ಬಲಗಡೆ "ಆ ಹೊತ್ತಿಗೆ ಅವರಿಗೆ ಏನು ಗೊತ್ತಿತ್ತು". ಬಲಗಡೆ ಖಾಲಿ ಇದ್ದರೆ ಖಾಲಿ ಬಿಡಿ. ಅಲ್ಲಿ ಏನಾದರೂ ಕಲ್ಪಿಸಿ ತುಂಬುವ ಆಸೆ ಬರುತ್ತದೆ. ತುಂಬಬೇಡಿ.

ನನ್ನ ಪುಸ್ತಕದ ಎಡಗಡೆ ಶುರುವಾಗುವುದು ಹೀಗೆ. 1894ರ ಅಕ್ಟೋಬರ್ 8, ವಲೆನ್ಸಿಯಾ ಪ್ರಾಂತದ ಫುಎಂತೆ ಲಾ ಇಗೆರಾ ಎಂಬ ಊರು. ಅಪ್ಪ ಸೈನಿಕರು. ಮಗ ಹುಟ್ಟುವ ಮೊದಲೇ ತೀರಿಕೊಂಡಿದ್ದರು. ಅಮ್ಮನೂ ಚಿಕ್ಕ ವಯಸ್ಸಿನಲ್ಲೇ ಹೋದರು. ಹುಡುಗ ಬೆಳೆದದ್ದು ತೊಲೇದೊ ಊರಿನಲ್ಲಿ, ತೀರಿಕೊಂಡ ಕಾಲಾಳು ಪಡೆ ಅಧಿಕಾರಿಗಳ ಮಕ್ಕಳಿಗಾಗಿ ಇದ್ದ ಅನಾಥಾಲಯ ಶಾಲೆಯಲ್ಲಿ. 1911ರಲ್ಲಿ ಅದೇ ಊರಿನ ಕಾಲಾಳು ಅಕಾಡೆಮಿ ಸೇರಿದರು. ಅಕಾಡೆಮಿ ಇದ್ದದ್ದು ಗುಡ್ಡದ ಮೇಲಿನ ಅಲ್ಕಾಸರ್ ಕೋಟೆಯಲ್ಲಿ. ಫ್ರಾಂಕೊ ಅಲ್ಲಿಂದಲೇ ಹಿಂದಿನ ವರ್ಷ ಪಾಸಾಗಿ ಹೋಗಿದ್ದರು. 1914ರಲ್ಲಿ ರೋಹೊ ಅಧಿಕಾರಿಯಾದರು. ಬಾರ್ಸಿಲೋನಾ, ಆಫ್ರಿಕಾ ತೀರದ ಸೆಊತಾ, ಮತ್ತೆ ಬಾರ್ಸಿಲೋನಾ.

1922ರಲ್ಲಿ ಅದೇ ತೊಲೇದೊ ಅಕಾಡೆಮಿಗೆ ಮೇಷ್ಟ್ರಾಗಿ ಬಂದವರು ಹತ್ತು ವರ್ಷ ಅಲ್ಲೇ ಇದ್ದರು. ಈ ಹತ್ತು ವರ್ಷವನ್ನು ಮೊದಲ ಕರಡಿನಲ್ಲಿ ನಾನು ಒಂದು ಸಾಲಲ್ಲಿ ದಾಟಿಸಿದ್ದೆ. ಯುದ್ಧ ಇಲ್ಲವಲ್ಲ, ಇನ್ನೇನು ಬರೆಯುವುದು ಅಂತ. ಅದು ದೊಡ್ಡ ತಪ್ಪು. ಆ ಹತ್ತು ವರ್ಷದಲ್ಲಿ ಅವರು ಗೆಳೆಯ ಎಮಿಲಿಯೊ ಅಲಮಾನ್ ಜೊತೆ ಸೇರಿ 1928ರಿಂದ ಸೇನಾ ವಿಷಯದ ಪುಸ್ತಕಮಾಲೆ ಹೊರತಂದರು. ಬೇರೆ ದೇಶದ ಸೈನ್ಯಗಳು ಮೊದಲ ಮಹಾಯುದ್ಧದಿಂದ ಏನು ಕಲಿತವು ಅನ್ನುವುದನ್ನು ತಮ್ಮ ಅಧಿಕಾರಿಗಳಿಗೆ ಓದಿಸಿದರು. ಮುಂದೆ ಮ್ಯಾಡ್ರಿಡ್ಡಿನಲ್ಲಿ ಒಂದು ರಾತ್ರಿಯಲ್ಲಿ ಅವರು ಮಾಡಿದ ಲೆಕ್ಕದ ಹಿಂದೆ ಈ ಹತ್ತು ವರ್ಷದ ಓದು ಇದೆ. ಸೇನಾನಿಯ ಬದುಕಿನಲ್ಲಿ ಗದ್ದಲವಿಲ್ಲದ ವರ್ಷಗಳು ಕಂಡರೆ ಅಲ್ಲಿ ನಿಂತು ಅಗೆಯಿರಿ.

ಹುದ್ದೆಗಳ ಹೆಸರು

ನನ್ನ ಬರಹದ ಮೊದಲ ಕಂತು ಒಂದು ಮಾಸಪತ್ರಿಕೆಯಲ್ಲಿ ಬಂದಾಗ, "1936ರಲ್ಲಿ ಕಮಾಂಡರ್ ಆಗಿದ್ದ ರೋಹೊ" ಅಂತ ಬರೆದಿದ್ದೆ. ನಿವೃತ್ತ ಸುಬೇದಾರರೊಬ್ಬರು ಫೋನ್ ಮಾಡಿದರು. "ಸಾರ್, ಯಾವುದರ ಕಮಾಂಡರ್? ಬೆಟಾಲಿಯನ್ನಾ, ಬ್ರಿಗೇಡಾ? ಹುದ್ದೆ ಹೇಳಿ" ಅಂದರು. ಮತ್ತೆ ಪುಸ್ತಕ ತೆಗೆದು ನೋಡಿದೆ. ಸ್ಪೇನಿನಲ್ಲಿ "ಕೊಮಾಂದಾಂತೆ" ಅಂದರೆ ನಮ್ಮ ಮೇಜರ್. ಕ್ಯಾಪ್ಟನ್ ಮೇಲೆ, ಲೆಫ್ಟಿನೆಂಟ್ ಕರ್ನಲ್ ಕೆಳಗೆ. ರೋಹೊ ಆ ಹುದ್ದೆಗೆ ಬಂದದ್ದು ಯುದ್ಧ ಶುರುವಾಗುವ ಕೆಲವೇ ತಿಂಗಳ ಮೊದಲು. ಕಮಾಂಡರ್ ಅಂದಾಗ ಓದುಗರ ಕಣ್ಣ ಮುಂದೆ ದೊಡ್ಡ ದಂಡಿನ ನಾಯಕ ಬರುತ್ತಾನೆ. ನಿಜವಾಗಿ ಅವರು ನಲವತ್ತೊಂದು ವರ್ಷದ, ಹೊರಗೆ ಯಾರಿಗೂ ಹೆಸರು ಗೊತ್ತಿಲ್ಲದ ಒಬ್ಬ ಮೇಜರ್. ಮುಂದಿನ ವರ್ಷ ಮುಗಿಯುವುದರೊಳಗೆ ಜನರಲ್! ಈ ಏರಿಕೆ ಎಷ್ಟು ದೊಡ್ಡದು ಅನ್ನುವುದೇ ನನ್ನ ತಪ್ಪಿನಿಂದ ಅಳಿಸಿಹೋಗಿತ್ತು.

ಆದ್ದರಿಂದ ಬರೆಯುವ ಮೊದಲೇ ಆ ದೇಶದ ಹುದ್ದೆಗಳ ಏಣಿ ಒಂದು ಕಡೆ, ನಮ್ಮ ಸೈನ್ಯದ ಏಣಿ ಇನ್ನೊಂದು ಕಡೆ ಬರೆದುಕೊಳ್ಳಿ. ಶಬ್ದ ಒಂದೇ ಥರ ಕೇಳಿಸಿತು ಅಂತ ಮೆಟ್ಟಿಲು ಒಂದೇ ಅಂದುಕೊಳ್ಳಬೇಡಿ.

"ಚೀಫ್ ಆಫ್ ಸ್ಟಾಫ್" ಅನ್ನುವುದಕ್ಕೂ ನಾನು ಒದ್ದಾಡಿದೆ. "ಸಿಬ್ಬಂದಿ ಮುಖ್ಯಸ್ಥ" ಅಂದರೆ ಆಫೀಸಿನ ಹೆಡ್ ಕ್ಲರ್ಕ್ ಥರ ಕೇಳಿಸುತ್ತದೆ. "ದಂಡನಾಯಕ" ಅಂದರೆ ಪೂರ್ತಿ ಬೇರೆ ಅರ್ಥ. ದಂಡನಾಯಕ ಆಜ್ಞೆ ಕೊಡುವವನು. ಚೀಫ್ ಆಫ್ ಸ್ಟಾಫ್ ಆ ಆಜ್ಞೆಯನ್ನು ತಯಾರು ಮಾಡುವವನು. ಶತ್ರು ಎಲ್ಲಿದ್ದಾನೆ, ನಮ್ಮ ಹತ್ತಿರ ಎಷ್ಟು ಗುಂಡು ಇದೆ, ಯಾವ ರಸ್ತೆಯಲ್ಲಿ ಎಷ್ಟು ಲಾರಿ ಹೋಗುತ್ತದೆ, ಎಲ್ಲ ಲೆಕ್ಕ ಹಾಕಿ ಕಾಗದದ ಮೇಲೆ ಇಡುವವನು. ಕೊನೆಗೆ ಕನ್ನಡ ಅಕ್ಷರದಲ್ಲೇ ಚೀಫ್ ಆಫ್ ಸ್ಟಾಫ್ ಅಂತ ಇಟ್ಟು, ಮೊದಲ ಸಲ ಬಂದಾಗ ಈ ವಿವರಣೆ ಕೊಟ್ಟೆ. ಯಾವ ಓದುಗರೂ ದೂರಲಿಲ್ಲ.

ಇನ್ನೊಂದು ಪದದ ಬಗ್ಗೆ ಎಚ್ಚರ ಇರಲಿ. ಫ್ರಾಂಕೊ ಕಡೆಯವರು ತಮ್ಮನ್ನು "ನ್ಯಾಷನಲ್" ಅಂತ ಕರೆದುಕೊಂಡರು. ಅದನ್ನು "ರಾಷ್ಟ್ರೀಯವಾದಿಗಳು" ಅಂತ ಬರೆದರೆ ಕನ್ನಡ ಓದುಗರ ಮನಸ್ಸು ನೇರವಾಗಿ ನಮ್ಮ ಸ್ವಾತಂತ್ರ್ಯ ಹೋರಾಟಕ್ಕೆ ಹೋಗುತ್ತದೆ. ನಾನು "ಬಂಡೆದ್ದವರು", "ಫ್ರಾಂಕೊ ಪಡೆ" ಅಂತ ಬಳಸಿದೆ. ನಡೆದದ್ದೂ ಅದೇ ಅಲ್ವಾ?

ಒಂದು ಬಾಗಿಲು, ಒಂದು ರಾತ್ರಿ

ಇಡೀ ಬದುಕಿಗೆ ಒಂದೇ ವೇಗ ಇಡಬೇಡಿ. ಕೆಲವು ವರ್ಷಕ್ಕೆ ಒಂದು ಪ್ಯಾರಾ ಸಾಕು. ಕೆಲವು ಗಂಟೆಗೆ ಮೂರು ಪುಟ ಬೇಕು. ಎಲ್ಲಿ ನಿಲ್ಲಬೇಕು ಅಂತ ನಿಮ್ಮ ರೂಲು ಪುಸ್ತಕದ ಬಲಗಡೆ ಕಾಲಂ ಹೇಳುತ್ತದೆ. ಆ ಮನುಷ್ಯನ ಮುಂದೆ ನಿಜವಾಗಿ ಎರಡು ದಾರಿ ಇದ್ದ ಜಾಗದಲ್ಲಿ ನಿಲ್ಲಿ. ರೋಹೊ ವಿಷಯದಲ್ಲಿ ನಾನು ಎರಡು ಕಡೆ ನಿಂತೆ.

ಮೊದಲನೆಯದು 1936ರ ಸೆಪ್ಟೆಂಬರ್ 9. ತೊಲೇದೊದ ಅಲ್ಕಾಸರ್ ಕೋಟೆಯಲ್ಲಿ ಕರ್ನಲ್ ಮೊಸ್ಕಾರ್ದೊ ನಾಯಕತ್ವದಲ್ಲಿ ಬಂಡೆದ್ದವರು ಸೇರಿಕೊಂಡಿದ್ದರು. ಗಣರಾಜ್ಯದ ಪಡೆ ಜುಲೈನಿಂದ ಕೋಟೆಗೆ ಮುತ್ತಿಗೆ ಹಾಕಿತ್ತು. ಒಳಗೆ ಹೆಂಗಸರು, ಮಕ್ಕಳೂ ಇದ್ದರು. ಶರಣಾಗಲು ಮಾತಾಡಿ ಬನ್ನಿ ಅಂತ ಸರ್ಕಾರ ಕಳಿಸಿದ್ದು ಮೇಜರ್ ರೋಹೊ ಅವರನ್ನು. ಯಾಕೆ ಅವರನ್ನೇ? ಒಳಗಿದ್ದ ಅಧಿಕಾರಿಗಳಲ್ಲಿ ಹಲವರು ಅವರಿಗೆ ಗೊತ್ತಿದ್ದವರು. ಹತ್ತು ವರ್ಷ ಪಾಠ ಮಾಡಿದ ಕಟ್ಟಡ ಅದು. ಅವರನ್ನು ಕಣ್ಣಿಗೆ ಬಟ್ಟೆ ಕಟ್ಟಿ ಒಳಗೆ ಕರೆದೊಯ್ದರು. ಒಳಗೆ ಅಲಮಾನ್ ಇದ್ದರು, ಪುಸ್ತಕಮಾಲೆಯ ಜೊತೆಗಾರ ಅಲಮಾನ್.

ಮೊಸ್ಕಾರ್ದೊ ಶರಣಾಗಲು ಒಪ್ಪಲಿಲ್ಲ, ಒಬ್ಬ ಪಾದ್ರಿಯನ್ನು ಕಳಿಸಿಕೊಡಿ ಅಂತ ಮಾತ್ರ ಕೇಳಿದರು. ಹಳೆಯ ಗೆಳೆಯರು ರೋಹೊ ಅವರನ್ನು ಇಲ್ಲೇ ಉಳಿದುಬಿಡು ಅಂದರು. ಅವರು ಉಳಿಯಲಿಲ್ಲ. ಬಂದ ದಾರಿಯಲ್ಲೇ ಹೊರಗೆ ಹೋದರು. ಆ ಹೊತ್ತಿಗೆ ಆಡಿದ ಮಾತುಗಳ ಬಗ್ಗೆ ಎರಡೂ ಕಡೆಯವರು ಬೇರೆಬೇರೆ ಥರ ಹೇಳುತ್ತಾರೆ. ಅಂಥ ಕಡೆ ನಾನು ಸಂಭಾಷಣೆ ಬರೆಯಲಿಲ್ಲ. ಒಳಗೆ ಹೋದರು, ಹೊರಗೆ ಬಂದರು, ಅಷ್ಟೇ ಇಟ್ಟೆ. ಆ ಜಾಗದಲ್ಲಿ ಒಂದು ಉದ್ಗಾರ ಸೇರಿಸಿದ್ದರೂ ಅದು ಹಾಳಾಗುತ್ತಿತ್ತು. ಸೆಪ್ಟೆಂಬರ್ 27ಕ್ಕೆ ಫ್ರಾಂಕೊ ಪಡೆ ಬಂದು ಮುತ್ತಿಗೆ ಬಿಡಿಸಿತು.

ಎರಡನೆಯದು ನವೆಂಬರ್ 6ರಿಂದ 8. ಇಲ್ಲಿ ನಕ್ಷೆ ಬೇಕು. ಸ್ಪೇನಿನ ರಾಷ್ಟ್ರೀಯ ಭೂಗೋಳ ಸಂಸ್ಥೆಯ ಹಳೆಯ 1:50,000 ನಕ್ಷೆಗಳು ಉಚಿತವಾಗಿ ಸಿಗುತ್ತವೆ. ಮ್ಯಾಡ್ರಿಡ್ ಹಾಳೆ ಇಳಿಸಿಕೊಂಡು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಗೋಡೆಗೆ ಅಂಟಿಸಿದೆ. ಊರಿನ ಪಡುವಣಕ್ಕೆ ಮನ್ಸನಾರೆಸ್ ಅನ್ನುವ ಸಣ್ಣ ಹೊಳೆ. ಹೊಳೆ ಆಚೆ ಕಾಸಾ ದೆ ಕಾಂಪೊ, ರಾಜರ ಬೇಟೆಯ ಕಾಡು. 1931ರಲ್ಲಿ ಗಣರಾಜ್ಯ ಬಂದ ಮೇಲೆ ಜನರಿಗೆ ಬಿಟ್ಟುಕೊಟ್ಟದ್ದು. ತೆಂಕಣಕ್ಕೆ ಕರಬಂಚೆಲ್, ಕೂಲಿಕಾರರ ಬೀದಿಗಳು. ಕೆಂಪು ಪೆನ್ಸಿಲ್ಲಿನಲ್ಲಿ ಫ್ರಾಂಕೊ ಪಡೆ, ನೀಲಿಯಲ್ಲಿ ರಕ್ಷಕರು ಅಂತ ಮೊದಲು ಗುರುತು ಹಾಕಿದ್ದೆ. ಕೆಂಪರು ಅಂದರೆ ಯಾರು ಅನ್ನುವುದು ನೆನಪಾಗಿ ಬಣ್ಣ ಅದಲುಬದಲು ಮಾಡಿದೆ.

6ನೇ ತಾರೀಖು ಸಂಜೆ ಸರ್ಕಾರ ಮ್ಯಾಡ್ರಿಡ್ ಬಿಟ್ಟು ವಲೆನ್ಸಿಯಾಕ್ಕೆ ಹೊರಟಿತು. ಊರು ಬೀಳುತ್ತದೆ ಅಂತ ಎಲ್ಲರಿಗೂ ಅನ್ನಿಸಿತ್ತು. ಹೊರಡುವ ಮೊದಲು ಸರ್ಕಾರದವರು ತಮ್ಮ ಕಡೆಯ ಜನರಲ್ ಮಿಯಾಹಾ ಮತ್ತು ಜನರಲ್ ಪೋಸಾಸ್ ಕೈಗೆ ಮುಚ್ಚಿದ ಲಕೋಟೆ ಕೊಟ್ಟು, ಬೆಳಗ್ಗೆ 6ರವರೆಗೆ ತೆರೆಯಬೇಡಿ ಅಂದಿದ್ದರು. ಅವರು ಕಾಯಲಿಲ್ಲ. ತೆರೆದು ನೋಡಿದರೆ ಒಬ್ಬರದ್ದು ಇನ್ನೊಬ್ಬರ ಲಕೋಟೆಯಲ್ಲಿದೆ! ಹೇಳಿದ ಮಾತು ಕೇಳಿ ಬೆಳಗ್ಗೆವರೆಗೆ ಕಾದಿದ್ದರೆ, ಇಬ್ಬರೂ ದೂರದೂರ ಹೋದ ಮೇಲೆ ಗೊತ್ತಾಗುತ್ತಿತ್ತು. ಮಿಯಾಹಾ ಅವರಿಗಿದ್ದ ಆಜ್ಞೆ ರಾಜಧಾನಿಯನ್ನು ಹೇಗಾದರೂ ಮಾಡಿ ಉಳಿಸಿ, ಆಗದಿದ್ದರೆ ಕುಎಂಕಾ ಊರಿನ ಕಡೆ ಸರಿಯಿರಿ ಅಂತ. ಅವರ ಚೀಫ್ ಆಫ್ ಸ್ಟಾಫ್ ಆಗಿ ಸಿಕ್ಕಿದವರು ಲೆಫ್ಟಿನೆಂಟ್ ಕರ್ನಲ್ ರೋಹೊ. ಯಾವ ಪಡೆ ಎಲ್ಲಿದೆ ಅಂತ ಪೂರ್ತಿ ಪಟ್ಟಿಯೂ ಇರಲಿಲ್ಲ. ಫೋನ್ ಮಾಡಿ ಮಾಡಿ ಕೇಳಿ ಪಟ್ಟಿ ಮಾಡಿದರು.

7ರಂದು ಫ್ರಾಂಕೊ ಪಡೆಯ ಒಂದು ಇಟಾಲಿಯನ್ ಟ್ಯಾಂಕ್ ನಾಶವಾಯಿತು. ಸತ್ತ ಅಧಿಕಾರಿಯ ಹತ್ತಿರ ಕಾಗದ ಸಿಕ್ಕಿತು. ಫ್ರಾಂಕೊ ಕಡೆಯ ಜನರಲ್ ವರೇಲಾ ಹೊರಡಿಸಿದ ದಾಳಿಯ ಆಜ್ಞೆ. ನಿಜವಾದ ದಾಳಿ ಕಾಸಾ ದೆ ಕಾಂಪೊ ಕಡೆಯಿಂದ, ಕರಬಂಚೆಲ್ ಕಡೆಯದ್ದು ಬರೀ ಗಮನ ಸೆಳೆಯಲು ಅಂತ ಅದರಲ್ಲಿತ್ತು. ಈಗ ಬಲಗಡೆ ಕಾಲಂ ನೋಡಿ. ರೋಹೊಗೆ ಗೊತ್ತಿದ್ದದ್ದು ಇಷ್ಟೇ: ಒಂದು ಕಾಗದ, ಅದರ ಮೇಲೆ 7ನೇ ತಾರೀಖಿನ ದಾಳಿಯ ಮಾತು, ಹೊತ್ತು ಆಗಲೇ ಮೀರಿದೆ. ಗೊತ್ತಿಲ್ಲದ್ದು: ಇದು ಅಸಲಿಯೋ, ಮೋಸ ಮಾಡಲು ಬಿಟ್ಟದ್ದೋ? ಅಸಲಿಯೇ ಆದರೂ ಕಾಗದ ಕಳೆದುಹೋದದ್ದು ಶತ್ರುವಿಗೆ ಗೊತ್ತಾಗಿ ಯೋಜನೆ ಬದಲಿಸಿದರೆ?

ಅವರು ದಿನವಿಡೀ ನಡೆದದ್ದನ್ನು ಆ ಕಾಗದದ ಜೊತೆ ಹೊಂದಿಸಿ ನೋಡಿದರು. ದಾಳಿ ಶುರುಮಾಡಲು ಶತ್ರು ಹಿಡಿಯಬೇಕಿದ್ದ ಜಾಗಗಳು 7ರಂದು ಪೂರ್ತಿ ಕೈಗೆ ಬಂದಿರಲಿಲ್ಲ. ಹಾಗಾದರೆ ದೊಡ್ಡ ದಾಳಿ ನಾಳೆ ಬೀಳುತ್ತದೆ, ಅದೇ ಯೋಜನೆಯಂತೆ ಬೀಳುತ್ತದೆ ಅಂತ ತೀರ್ಮಾನಿಸಿದರು. ರಾತ್ರೋರಾತ್ರಿ ಪಡೆಗಳನ್ನು ಕಾಸಾ ದೆ ಕಾಂಪೊ ಎದುರಿಗೆ ಸರಿಸಿದರು. 8ರ ಬೆಳಗ್ಗೆ ದಾಳಿ ಅಲ್ಲೇ ಬಂತು. ಅದೇ ದಿನ ಅಂತರರಾಷ್ಟ್ರೀಯ ಬ್ರಿಗೇಡಿನ, ಅಂದರೆ ಗಣರಾಜ್ಯದ ಪರ ಕಾದಾಡಲು ಬೇರೆಬೇರೆ ದೇಶಗಳಿಂದ ಬಂದ ಸ್ವಯಂಸೇವಕರ, ಮೊದಲ ದಳ ಊರಿಗೆ ಬಂದು ಸೇರಿತು. ಫ್ರಾಂಕೊ ಪಡೆ 15ರಂದು ಹೊಳೆ ದಾಟಿ ವಿಶ್ವವಿದ್ಯಾಲಯದ ಕಟ್ಟಡಗಳವರೆಗೆ ಬಂದದ್ದು ನಿಜ. ಆದರೆ ಊರು ಬೀಳಲಿಲ್ಲ. 23ಕ್ಕೆ ಫ್ರಾಂಕೊ ನೇರ ದಾಳಿ ನಿಲ್ಲಿಸಿದರು.

ಈ ಭಾಗವನ್ನು ನಾನು ಆರು ಸಲ ಬರೆದೆ. ಮೊದಲ ಐದರಲ್ಲಿ ರೋಹೊಗೆ ಎಲ್ಲ ಮೊದಲೇ ಗೊತ್ತಿದ್ದಂತೆ ಇತ್ತು. ದಾಳಿ ಅಲ್ಲೇ ಬಂತು ಅನ್ನುವುದು ನನಗೆ ಗೊತ್ತಿತ್ತಲ್ಲ, ಅದು ಬರಹದೊಳಗೆ ಸೋರುತ್ತಿತ್ತು. ಆರನೆಯ ಸಲ "ಬೆಳಗ್ಗೆ ದಾಳಿ ಬಂತು" ಅನ್ನುವ ವಾಕ್ಯದವರೆಗೂ 8ನೇ ತಾರೀಖಿನ ಯಾವ ಮಾಹಿತಿಯನ್ನೂ ಬಳಸಬಾರದು ಅಂತ ಕಟ್ಟುನಿಟ್ಟು ಮಾಡಿಕೊಂಡೆ. ಆಗ ಆ ರಾತ್ರಿಯ ಭಾರ ಹಾಳೆಗೆ ಬಂತು.

ಸೋಲನ್ನು ಬಚ್ಚಿಡಬೇಡಿ

ಮ್ಯಾಡ್ರಿಡ್ ಆದ ಮೇಲೆ ಬರೆಯುವುದು ಕಷ್ಟ. ಯಾಕೆಂದರೆ ನಾವು ಆ ಮನುಷ್ಯನನ್ನು ಪ್ರೀತಿಸಲು ಶುರುಮಾಡಿರುತ್ತೇವೆ. 1937ರ ಮೇ ತಿಂಗಳಲ್ಲಿ ನೆಗ್ರಿನ್ ಗಣರಾಜ್ಯದ ಪ್ರಧಾನಿಯಾದ ಮೇಲೆ ರೋಹೊ ಇಡೀ ಸೈನ್ಯದ ಚೀಫ್ ಆಫ್ ಸ್ಟಾಫ್ ಆದರು. ಅವರ ಯೋಜನೆಗಳಿಗೆ ಒಂದು ಗುಣ ಇತ್ತು: ಶತ್ರು ನಿರೀಕ್ಷಿಸದ ಕಡೆ, ನಿರೀಕ್ಷಿಸದ ಹೊತ್ತಿಗೆ ಹೊಡೆತ. ಒಂದು ದೋಷವೂ ಇತ್ತು: ಮೊದಲ ಎರಡು ಮೂರು ದಿನ ಚೆನ್ನಾಗಿ ಹೋಗಿ ಆಮೇಲೆ ನಿಂತುಬಿಡುವುದು. ಜುಲೈನಲ್ಲಿ ಬ್ರುನೆತೆ ಊರಿನ ಮೇಲಿನ ದಾಳಿ ಹಾಗೇ ಆಯಿತು. ಆಗಸ್ಟಿನಲ್ಲಿ ಬೆಲ್ಚಿತೆ ಊರಿನದೂ ಹಾಗೇ. ಡಿಸೆಂಬರ್ 15ಕ್ಕೆ ಹಿಮದಲ್ಲಿ ತೆರುಎಲ್ ಮೇಲೆ ಬಿದ್ದರು, 1938ರ ಜನವರಿ 8ಕ್ಕೆ ಊರು ಕೈಗೆ ಬಂತು, ರೋಹೊಗೆ ಗಣರಾಜ್ಯದ ಅತಿ ದೊಡ್ಡ ಪದಕವೂ ಬಂತು. ಫೆಬ್ರವರಿ 22ಕ್ಕೆ ಫ್ರಾಂಕೊ ಪಡೆ ಅದನ್ನು ವಾಪಸ್ ಕಿತ್ತುಕೊಂಡಿತು.

ಇಲ್ಲಿ ಪಕ್ಷಪಾತ ತಪ್ಪಿಸಲು ನಾನು ಮಾಡಿದ್ದು ಇಷ್ಟು. ಪ್ರತಿ ಯುದ್ಧಕ್ಕೂ ಎರಡು ಸಾಲು. ಯೋಜನೆ ಏನಾಗಬೇಕು ಅಂತಿತ್ತು, ಏನಾಯಿತು. ಆಮೇಲೆ ಕಾರಣ. ಕಾರಣದಲ್ಲಿ ಅವರ ಕೈಯಲ್ಲಿ ಇದ್ದದ್ದೂ ಬರಲಿ, ಇಲ್ಲದ್ದೂ ಬರಲಿ. ವಿಮಾನ ಕಡಿಮೆ, ಫಿರಂಗಿ ಕಡಿಮೆ, ಕೆಳಗಿನ ಅಧಿಕಾರಿಗಳಿಗೆ ಅನುಭವ ಕಡಿಮೆ. ಆ ಕಡೆ ಜರ್ಮನಿ, ಇಟಲಿಯ ಸಹಾಯ. ಇದೆಲ್ಲ ನಿಜ. ಅದು ಗೊತ್ತಿದ್ದೂ ಅಷ್ಟು ದೊಡ್ಡ ಯೋಜನೆ ಹಾಕಿದ್ದು ಸರಿಯೇ ಅನ್ನುವ ಪ್ರಶ್ನೆಯೂ ನಿಜ. ಅವರೇ ಆಸೆಪಟ್ಟ ದೊಡ್ಡ ಯೋಜನೆ ಬೇರೆ ಇತ್ತು. ಸ್ಪೇನಿನ ಪಡುವಣದ ಎಕ್ಸ್‌ತ್ರೆಮದೂರಾ ಕಡೆಯಿಂದ ಹೊಡೆದು ಶತ್ರುವಿನ ನೆಲವನ್ನು ಎರಡು ತುಂಡು ಮಾಡುವುದು. ಅದು ಕಾಗದದಲ್ಲೇ ಉಳಿಯಿತು.

ಎಬ್ರೊ ನದಿಯ ಯುದ್ಧಕ್ಕೆ ಬಂದಾಗ ನಮ್ಮ ಓದುಗರಿಗೆ ಕಾಲ ಹತ್ತಿರ ಆಗಲಿ ಅಂತ ಒಂದು ಗುರುತು ಇಟ್ಟೆ. 1938ರ ಜೂನ್ ತಿಂಗಳಲ್ಲಿ ಜವಾಹರಲಾಲ್ ನೆಹರು, ಕೃಷ್ಣ ಮೆನನ್ ಜೊತೆ ಬಾರ್ಸಿಲೋನಾಕ್ಕೆ ಹೋಗಿ ಬಾಂಬ್ ಬೀಳುತ್ತಿದ್ದ ಆ ಊರಿನಲ್ಲಿ ಕೆಲವು ದಿನ ಇದ್ದರು. ಮುಂದಿನ ತಿಂಗಳು, ಜುಲೈ 25ರ ನಸುಕಿಗೆ ರೋಹೊ ಯೋಜನೆಯಂತೆ ಪಡೆಗಳು ದೋಣಿ ಹತ್ತಿ ಎಬ್ರೊ ದಾಟಿದವು. ಇಂಥ ಗುರುತು ನಿಜವಾಗಿ ಇದ್ದರೆ ಮಾತ್ರ ಇಡಿ. ಸುಮ್ನೆ ನಮ್ಮ ಕಡೆಯ ಯುದ್ಧಗಳಿಗೆ ಹೋಲಿಸಲು ಹೋಗಬೇಡಿ. ಎಬ್ರೊ ಯುದ್ಧ ನವೆಂಬರ್ 16ರವರೆಗೆ ನಡೆಯಿತು. ದಾಟಿದವರು ವಾಪಸ್ ದಾಟಿದರು, ಬರಿಗೈಯಲ್ಲಿ.

ಅವನು, ಅವರು

ಇದು ಕನ್ನಡದಂಥ ಭಾಷೆಗಳಲ್ಲಿ ಬರೆಯುವವರಿಗೆ ಬರುವ ಸಮಸ್ಯೆ, ನಾನು ನೋಡಿದ ಬೇರೆ ಭಾಷೆಯ ಪುಸ್ತಕಗಳಲ್ಲಿ ಇದಕ್ಕೆ ಉತ್ತರ ಸಿಗಲಿಲ್ಲ. ನನ್ನ ಕರಡಿನಲ್ಲಿ "ರೋಹೊ ಹೇಳಿದರು", "ಫ್ರಾಂಕೊ ಹೇಳಿದ" ಅಂತ ತಾನಾಗಿಯೇ ಬಂದಿತ್ತು. ನನ್ನ ತೀರ್ಪು ಕ್ರಿಯಾಪದದ ಬಾಲದಲ್ಲಿ ಕೂತಿತ್ತು. ಓದುಗರು ಸಂಗತಿ ನೋಡುವ ಮೊದಲೇ ಯಾರು ಒಳ್ಳೆಯವರು ಅಂತ ಗೊತ್ತಾಗಿಬಿಡುತ್ತಿತ್ತು. ಫ್ರಾಂಕೊ ಬಗ್ಗೆ ನನಗೆ ಗೌರವ ಇಲ್ಲ. ಆದರೂ ಎರಡೂ ಕಡೆಯ ಅಧಿಕಾರಿಗಳಿಗೆಲ್ಲ "ಅವರು" ಅಂತಲೇ ತಿದ್ದಿದೆ. ಯಾರು ಏನು ಮಾಡಿದರು ಅನ್ನುವುದು ಸಂಗತಿಗಳಿಂದಲೇ ಗೊತ್ತಾಗಲಿ. ನೀವು ಬೇರೆ ತೀರ್ಮಾನ ಮಾಡಬಹುದು. ಆದರೆ ಗೊತ್ತಿದ್ದು ಮಾಡಿ.

ಯುದ್ಧ ಮುಗಿದ ಮೇಲಿನ ವರ್ಷಗಳು

ಸೇನಾನಿಗಳ ಚರಿತ್ರೆ ಬರೆಯುವವರು ಯುದ್ಧ ಮುಗಿದ ಕೂಡಲೇ ಪೆನ್ನು ಮುಚ್ಚುತ್ತಾರೆ. ರೋಹೊ ಬದುಕಿನಲ್ಲಿ ಯುದ್ಧ ಮೂರು ವರ್ಷಕ್ಕೂ ಕಡಿಮೆ, ಆಮೇಲಿನದು ಇಪ್ಪತ್ತೇಳು ವರ್ಷ.

1939ರ ಜನವರಿ 26ಕ್ಕೆ ಬಾರ್ಸಿಲೋನಾ ಬಿತ್ತು. ನಾಲ್ಕು ಲಕ್ಷಕ್ಕೂ ಹೆಚ್ಚು ಜನ ಚಳಿಯಲ್ಲಿ ಫ್ರಾನ್ಸ್ ಗಡಿ ದಾಟಿದರು. ಫೆಬ್ರವರಿಯಲ್ಲಿ ರೋಹೊ ಕೂಡ ದಾಟಿದರು. ಮ್ಯಾಡ್ರಿಡ್ ಇನ್ನೂ ಗಣರಾಜ್ಯದ ಕೈಯಲ್ಲೇ ಇತ್ತು. ಪ್ರಧಾನಿ ನೆಗ್ರಿನ್ ಅಲ್ಲಿಗೆ ವಾಪಸ್ ಹೋದರು. ರೋಹೊ ಹೋಗಲಿಲ್ಲ. ಇನ್ನು ಹೋರಾಡಿದರೆ ಬರೀ ಸಾವು ಅಂತ ಅವರಿಗೆ ಅನ್ನಿಸಿತ್ತು. ಇದನ್ನು ಬಿಟ್ಟು ಬರೆಯೋಣ ಅಂತ ನನಗೆ ಆಸೆ ಆಯಿತು ಅಂತ ಒಪ್ಪಿಕೊಳ್ಳುತ್ತೇನೆ. ಬಿಡಲಿಲ್ಲ. ಅವರ ಕೈಕೆಳಗೆ ಕಾದಾಡಿದ ಎಷ್ಟೋ ಜನ ಆ ಕಡೆ ಉಳಿದಿದ್ದರು. ಅವರ ಕಣ್ಣಿನಿಂದ ನೋಡಿದರೆ ಇದು ಬೇರೆಯೇ ಥರ ಕಾಣುತ್ತದೆ.

ಮುಂದೆ ಅರ್ಜೆಂಟೀನಾ. 1943ರಿಂದ ಬೊಲಿವಿಯಾದ ಕೊಚಬಾಂಬಾದಲ್ಲಿ ಸೇನಾ ಅಧಿಕಾರಿಗಳಿಗೆ ಪಾಠ. ಮತ್ತೆ ಮೇಷ್ಟ್ರು! ತೊಲೇದೊದ ಹತ್ತು ವರ್ಷವನ್ನು ಚೆನ್ನಾಗಿ ಬರೆದಿದ್ದರೆ ಇದು ಓದುಗರಿಗೆ ತಾನಾಗಿಯೇ ತಟ್ಟುತ್ತದೆ, ನೀವು ಒತ್ತಿ ಹೇಳಬೇಕಿಲ್ಲ.

1957ರ ಫೆಬ್ರವರಿಯಲ್ಲಿ ಅವರು ಸ್ಪೇನಿಗೆ ವಾಪಸ್ ಬಂದರು. ಕೆಲವೇ ತಿಂಗಳಲ್ಲಿ ಸೇನಾ ನ್ಯಾಯಾಲಯದಲ್ಲಿ ಕೇಸು. ಆರೋಪ ಏನು ಗೊತ್ತಾ? ಸೈನಿಕ ಬಂಡಾಯ. ಬಂಡೆದ್ದವರು, ಬಂಡೇಳದೆ ಸರ್ಕಾರದ ಜೊತೆ ನಿಂತವರ ಮೇಲೆ ಬಂಡಾಯದ ಆರೋಪ ಹೊರಿಸಿದರು. ಇಲ್ಲಿ ಒಂದು ವಿಶೇಷಣವೂ ಹಾಕಬೇಡಿ. ಆರೋಪದ ಹೆಸರನ್ನು ಇದ್ದ ಹಾಗೇ ಬರೆಯಿರಿ, ಸಾಕು. ಸೆರೆವಾಸದ ಶಿಕ್ಷೆಗೆ ಕ್ಷಮೆ ಸಿಕ್ಕಿತು. ಆದರೆ ನಾಗರಿಕ ಹಕ್ಕುಗಳನ್ನು ಕಿತ್ತುಕೊಂಡರು. ಮನೆಯಲ್ಲೇ ಇದ್ದರು, ಬರೆಯುತ್ತಿದ್ದರು. 1966ರ ಜೂನ್ 15ರಂದು ಮ್ಯಾಡ್ರಿಡ್ಡಿನಲ್ಲಿ ತೀರಿಕೊಂಡರು. ತಾವು ಉಳಿಸಿದ ಊರಿನಲ್ಲಿ ಅಂತ ಸೇರಿಸಿದ್ದೆ. ಆಮೇಲೆ ಹೊಡೆದುಹಾಕಿ ಊರಿನ ಹೆಸರು ಮಾತ್ರ ಬಿಟ್ಟೆ.

ಕಳಿಸುವ ಮುಂಚೆ

ಅಪ್ಪನ ಆಫೀಸಿನಲ್ಲಿ ರಿಜಿಸ್ಟರ್ ತಾಳೆ ನೋಡುವ ಒಂದು ಕ್ರಮ ಇತ್ತಂತೆ. ಒಬ್ಬರು ಹೊಸ ಪ್ರತಿಯನ್ನು ಜೋರಾಗಿ ಓದುವುದು, ಇನ್ನೊಬ್ಬರು ಮೂಲದ ಮೇಲೆ ಪೆನ್ಸಿಲ್ಲಿನಿಂದ ಟಿಕ್ ಹಾಕುತ್ತಾ ಹೋಗುವುದು. ಬರೆದವನು ಓದಬಾರದು, ಯಾಕೆಂದರೆ ಅವನು ಕಾಗದ ನೋಡದೆ ನೆನಪಿನಿಂದ ಓದುತ್ತಾನೆ. ನೀವೂ ಹಾಗೇ ಮಾಡಿ. ತಾರೀಖು, ಊರು, ಹುದ್ದೆ, ಈ ಮೂರನ್ನು ಮಾತ್ರ ತಾಳೆ ನೋಡಿದರೂ ಸಾಕು.

ಒಂದು ಭಾನುವಾರ ಮಧ್ಯಾಹ್ನ ನನ್ನ ಹೆಂಡತಿ ಓದಿದಳು, ನಾನು ರೂಲು ಪುಸ್ತಕ ತೊಡೆ ಮೇಲಿಟ್ಟುಕೊಂಡು ಟಿಕ್ ಹಾಕಿದೆ. ನಡುವೆ ಎರಡು ಸಲ ಕಾಫಿ ಆಯಿತು. ನಾಲ್ಕು ಕಡೆ ಪೆನ್ಸಿಲ್ ನಿಂತಿತು. ಮೂರು ಸಣ್ಣ ತಪ್ಪು. ನಾಲ್ಕನೆಯದು ರೋಹೊ ಸ್ಪೇನಿಗೆ ವಾಪಸ್ ಬಂದ ವರ್ಷ, 1956 ಅಂತ ಬರೆದಿದ್ದೆ. ಹೊಡೆದು 1957 ಅಂತ ತಿದ್ದಿ, ಅವತ್ತು ಸಂಜೆಯೇ ಕಳಿಸಿದೆ.